ಕಣ್ಣು ಮಂಜಾದ ಹುಡುಗ ಹಾಡನ್ನು ಕಾಗದಕ್ಕೆ ಇಳಿಸಿದ

ಬಜಪೆಯಿಂದ ಮರಕಡ, ಕಾವೂರು ದಾಟಿ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ರಜಾದಿನ ಬೆಳಿಗ್ಗೆ ಕೂತರೆ ಹಾಡು ಕಲಿಯುವ ಮಕ್ಕಳು ಎರಡು ಬಗೆಯ ಫೈಲು ಹಿಡಿದುಕೊಂಡು ಹತ್ತುವುದನ್ನು ನೋಡಬಹುದು. ಒಂದರೊಳಗೆ ಐದು ಗೆರೆ, ಗೆರೆಯ ಮೇಲೆ ಕೂತ ಕಪ್ಪು ಚುಕ್ಕೆಗಳು. ಅದು ಚರ್ಚಿನ ಕಾಯರ್‌ನವರದ್ದು. ಇನ್ನೊಂದರೊಳಗೆ ಸ ರಿ ಗ ಮ, ಕೆಳಗೊಂದು ಗೀಟು, ಮೇಲೊಂದು ಚುಕ್ಕೆ. ಅದು ಹಿಂದುಸ್ತಾನಿ ಕ್ಲಾಸಿನ ಮಕ್ಕಳದ್ದು. ನಾನು ಎರಡನೆಯ ಫೈಲಿನವನು.

ಕೆಲವು ವರ್ಷದ ಹಿಂದೆ ಒಂದು ಸಂಜೆ ನಮ್ಮ ಮನೆಯಂಗಳದಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕ್ಲಾಸಿನಲ್ಲಿ ಭೈರವ್ ರಾಗದ ಹೊಸ ಬಂದಿಶ್ ಒಂದನ್ನು ಬರೆಸಿದ್ದರು, ಹಾಡಿ ತೋರಿಸಿರಲಿಲ್ಲ. ಮನೆಗೆ ಬಂದು ಕಾಗದ ನೋಡಿ ಹಾಡಲು ಕೂತರೆ ನನ್ನಿಂದ ಆಗಲೇ ಇಲ್ಲ. ನಾಲ್ಕು ವರ್ಷ ಕಲಿತಿದ್ದೆ, ಬಾಯಿಪಾಠ ಬೇಕಾದಷ್ಟಿತ್ತು, ಓದು ಇರಲಿಲ್ಲ. ಪಕ್ಕದ ಮನೆಯ ಕಾಯರ್ ಹುಡುಗ ಬಂದು ಇಣುಕಿದ. ಗೀಟು ಅಂದರೆ ಕೋಮಲ, ಚುಕ್ಕೆ ಅಂದರೆ ಸ್ಥಾಯಿ ಎಂದು ಚಿಹ್ನೆಗಳನ್ನಷ್ಟೇ ಹೇಳಿಕೊಟ್ಟೆ. ಅವನು ಒಮ್ಮೆ ಕಣ್ಣಾಡಿಸಿ ಮೊದಲಿಂದ ಕೊನೆಯವರೆಗೆ ಹಾಡಿಯೇಬಿಟ್ಟ. ಒಂದು ಸ್ವರವೂ ತಪ್ಪಲಿಲ್ಲ, ಮಾರಾಯ್ರೆ. ಆದರೆ ಅದು ಭೈರವ್ ಆಗಿರಲಿಲ್ಲ. ಭೈರವ್‌ನಲ್ಲಿ ತೂಗಬೇಕಾದ ಋಷಭ ಲೈಟು ಕಂಬದ ಹಾಗೆ ನಿಂತಿತ್ತು.

ಆ ಸಂಜೆಯ ಎರಡು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೇಳದ ಹಾಡನ್ನು ಕಾಗದ ನೋಡಿ ಹಾಡಬಹುದು ಎಂದು ನಮ್ಮ ಕಡೆ ಮೊದಲು ಹಟ ಹಿಡಿದವರು ಯಾರು? ಹಾಗೆ ಇಳಿಸುವಾಗ ಕಾಗದದ ಹೊರಗೆ ಉಳಿದದ್ದು ಏನು, ಯಾರು? ಮೊದಲನೆಯದಕ್ಕೆ ಉತ್ತರ ಹುಡುಕಿದರೆ ಸಿಗುವ ದೊಡ್ಡ ಹೆಸರು ವಿಷ್ಣು ದಿಗಂಬರ ಪಲುಸ್ಕರ್. ಎರಡನೆಯದಕ್ಕೂ ಅವರ ಬದುಕಿನಲ್ಲೇ ಉತ್ತರ ಉಂಟು. ಆದರೆ ಅವರ ಭಾವಚಿತ್ರಕ್ಕೆ ಹಾರ ಹಾಕುವವರು ಅದನ್ನು ಅಷ್ಟಾಗಿ ಹೇಳುವುದಿಲ್ಲ.

ಪಲುಸ್ಕರ್ ಹುಟ್ಟಿದ್ದು 1872ರ ಆಗಸ್ಟ್ 18ರಂದು, ಕುರುಂದವಾಡದಲ್ಲಿ. ಈಗಿನ ಕೊಲ್ಲಾಪುರ ಜಿಲ್ಲೆ, ನಮ್ಮ ಚಿಕ್ಕೋಡಿ ಕಡೆಯಿಂದ ದೂರವೇನಲ್ಲ. ಹತ್ತಿರದ ನರಸೋಬವಾಡಿಯ ದತ್ತ ಕ್ಷೇತ್ರಕ್ಕೆ ಇವತ್ತಿಗೂ ಕನ್ನಡದವರು ಹೋಗುತ್ತಾರೆ. ತಂದೆ ದಿಗಂಬರ ಗೋಪಾಳ ಕೀರ್ತನಕಾರರು. ಹುಡುಗನೂ ತಂದೆಯ ಹಿಂದೆ ನಿಂತು ಹಾಡುತ್ತಿದ್ದವನೇ. ಎಳೆಯ ವಯಸ್ಸಿನಲ್ಲಿ, ಹಬ್ಬದ ಹೊತ್ತಿನಲ್ಲಿ, ಪಟಾಕಿ ಮುಖದ ಹತ್ತಿರವೇ ಸಿಡಿದು ಕಣ್ಣು ಹೋಯಿತು. ಪೂರ್ತಿ ಕತ್ತಲೆಯಲ್ಲ, ಆದರೆ ಶಾಲೆಯ ಪುಸ್ತಕ ಓದುವಷ್ಟು ಬೆಳಕು ಉಳಿಯಲಿಲ್ಲ. ಚಿಕಿತ್ಸೆಗೆಂದು ಮಿರಜಕ್ಕೆ ಕರೆದೊಯ್ದರು. ಓದು ಆಗದ ಹುಡುಗನಿಗೆ ಹೊಟ್ಟೆಪಾಡಿಗೆ ಏನು ಎಂಬ ಪ್ರಶ್ನೆಗೆ ಸಂಗೀತವೇ ಉತ್ತರವಾಯಿತು. ಮುಂದೆ ದೇಶದ ಸಾವಿರಾರು ಜನರ ಕೈಗೆ ಸಂಗೀತದ ಓದುಪುಸ್ತಕ ಇಟ್ಟವರು ಓದಲಾಗದ ಕಾರಣಕ್ಕೇ ಸಂಗೀತಕ್ಕೆ ಬಂದವರು.

ಮಿರಜದ ಪಟವರ್ಧನ ಸಂಸ್ಥಾನದ ಆಶ್ರಯದಲ್ಲಿದ್ದ ಬಾಳಕೃಷ್ಣಬುವಾ ಇಚಲಕರಂಜೀಕರ್ ಗುರುಗಳಾದರು. ಈ ಬುವಾ ಯಾರು ಅನ್ನುವುದು ಮುಖ್ಯ. ಗುರುವನ್ನು ಹುಡುಕಿ ಊರೂರು ಅಲೆದು, ಗ್ವಾಲಿಯರದ ವಾಸುದೇವಬುವಾ ಜೋಶಿ ಅವರ ಸೇವೆ ಮಾಡಿ ಖಯಾಲ್ ಗಾಯಕಿಯನ್ನು ದಕ್ಷಿಣಕ್ಕೆ ಹೊತ್ತು ತಂದವರು ಅವರು. ವಾಸುದೇವಬುವಾ ಕಲಿತದ್ದು ಹದ್ದು ಖಾನ್, ಹಸ್ಸು ಖಾನರ ಪರಂಪರೆಯಲ್ಲಿ. ಹದ್ದು ಖಾನ್, ಹಸ್ಸು ಖಾನ್ ಅಣ್ಣತಮ್ಮಂದಿರ ಬಗ್ಗೆ ಒಂದು ಕತೆ ಉಂಟು. ಬಡೆ ಮಹಮ್ಮದ್ ಖಾನ್ ಎಂಬ ಉಸ್ತಾದರ ತಾನುಗಳನ್ನು ಕಲಿಯಬೇಕು, ಅವರು ಹೇಳಿಕೊಡುವವರಲ್ಲ. ಇವರಿಬ್ಬರೂ ದಿನವೂ ಪರದೆಯ ಹಿಂದೆ ಅಡಗಿ ಕೂತು ಕಿವಿಯಲ್ಲೇ ಅಷ್ಟನ್ನೂ ಕದ್ದರಂತೆ. ನಿಜವೋ ಸುಳ್ಳೋ, ಆ ಕಾಲದ ಸಂಗೀತದ ವ್ಯವಸ್ಥೆ ಹೇಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕತೆ ಸಿಗದು. ಹಾಡು ಒಂದು ಮನೆತನದ ಆಸ್ತಿ. ಸಿಗಬೇಕಾದರೆ ರಕ್ತಸಂಬಂಧ ಬೇಕು, ಇಲ್ಲಾ ವರ್ಷಗಟ್ಟಲೆ ನೀರು ಹೊರಬೇಕು, ಇಲ್ಲಾ ಪರದೆಯ ಹಿಂದೆ ಅಡಗಬೇಕು.

ಕನ್ನಡದ ಹಾಡುಗಾರರಿಗೂ ಮಿರಜ ಹೊರಗಿನ ಊರಲ್ಲ. ಬಾಳಕೃಷ್ಣಬುವಾ ಅವರದೇ ಇನ್ನೊಬ್ಬ ಶಿಷ್ಯ ನೀಲಕಂಠಬುವಾ ಆಲೂರಮಠ. ಧಾರವಾಡ ಬಳಿಯ ಮನಸೂರಿನಿಂದ ಬಂದ ಮಲ್ಲಿಕಾರ್ಜುನ ಮನಸೂರರು ಹಿಂದುಸ್ತಾನಿಯ ಅಡಿಪಾಯ ಹಾಕಿಕೊಂಡದ್ದು ಇವರ ಹತ್ತಿರ, ಮಿರಜದಲ್ಲೇ. ಗದುಗಿನ ಪಂಚಾಕ್ಷರಿ ಗವಾಯಿಗಳೂ ನೀಲಕಂಠಬುವಾ ಅವರ ಶಿಷ್ಯರು. ಅವರಿಗೂ ಕಣ್ಣಿರಲಿಲ್ಲ. ಒಂದೇ ಮರದ ಎರಡು ಕೊಂಬೆಯಲ್ಲಿ ದೃಷ್ಟಿ ಕಳೆದುಕೊಂಡ ಇಬ್ಬರು: ಒಬ್ಬರು ಕಾಗದದ ಕಡೆ ಹೋದರು, ಇನ್ನೊಬ್ಬರು ಕಣ್ಣಿಲ್ಲದ ಮಕ್ಕಳನ್ನು ಗುಡ್ಡೆ ಹಾಕಿಕೊಂಡು ಕಿವಿಯಿಂದಲೇ ಕಲಿಸಿದರು.

ಮಿರಜದಲ್ಲಿ ಪಲುಸ್ಕರ್ ಕಲಿತದ್ದು ಹಳೆಯ ರೀತಿಯಲ್ಲೇ. ಗುರು ಹಾಡುವುದು, ಶಿಷ್ಯ ಹಿಂಬಾಲಿಸುವುದು, ಗುರುವಿನ ಮನಸ್ಸು ಬಂದರೆ ಮುಂದಿನ ಪಾಠ. 1896ರಲ್ಲಿ ಅವರು ಮಿರಜ ಬಿಟ್ಟರು. ಯಾಕೆ ಬಿಟ್ಟರು ಎನ್ನುವುದಕ್ಕೆ ಹೇಳುವ ಕತೆ ಹೀಗೆ: ಊರಿನ ಗಣ್ಯರ ಸಮಾರಂಭಕ್ಕೆ ಅರಮನೆಯವರ ಕೃಪೆಯಲ್ಲಿದ್ದ ಶಿಷ್ಯನಿಗೆ ಕರೆ ಬಂತು, ಗುರುವಿಗೆ ಬರಲಿಲ್ಲ. ಕೇಳಿದರೆ, ಅವರು ಹಾಡುವವರಲ್ಲವೇ ಎಂಬ ಅರ್ಥದ ಉತ್ತರ ಬಂತು. ಹಾಡುವವನೆಂದರೆ ಆಳಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ. ಆ ಅವಮಾನ ಒಳಗೆ ಕೂತಿತು. ಮುಂದೆ ಅವರು ಕಟ್ಟಿದ್ದರಲ್ಲಿ ಕಾಣುವ ಒಳ್ಳೆಯದು, ಕೆಟ್ಟದ್ದು ಎರಡರ ಬೇರೂ ಇಲ್ಲೇ ಇದೆ ಎಂದು ನನಗನಿಸುತ್ತದೆ. ಹಾಡುವವನಿಗೆ ಮರ್ಯಾದೆ ಬೇಕು ಎಂದು ಹೊರಟರು. ಮರ್ಯಾದೆ ಎಂದರೆ ಯಾರ ಮರ್ಯಾದೆಯ ಹಾಗೆ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡ ಹಾಗೆ ಕಾಣುವುದಿಲ್ಲ.

ಸಾತಾರಾ, ಬರೋಡಾ, ಗ್ವಾಲಿಯರ್, ಸೌರಾಷ್ಟ್ರ, ಮಥುರಾ, ದಿಲ್ಲಿ, ಪಂಜಾಬ್. ಅಲೆದಾಟ ನಾಲ್ಕೈದು ವರ್ಷ. ಸೌರಾಷ್ಟ್ರದಲ್ಲಿ ಟಿಕೆಟ್ ಇಟ್ಟು ಬಹಿರಂಗ ಕಚೇರಿ ಮಾಡಿದರು. ರಾಜನ ಚಾವಡಿಯಲ್ಲಿ ಹಾಡುವುದು ಬೇರೆ, ಕಾಸು ಕೊಟ್ಟ ಯಾರು ಬೇಕಾದರೂ ಬಂದು ಕೂರುವ ಕಡೆ ಹಾಡುವುದು ಬೇರೆ. ಇವತ್ತು ನಮಗೆ ಅದರಲ್ಲಿ ಹೊಸತೆಂತ ಕಾಣದು. ಆಗ ಅದು ಅರಮನೆಯ ಬಾಗಿಲನ್ನು ಬೀದಿಗೆ ತೆರೆದ ಹಾಗೆ.

ಕೊನೆಗೆ ಲಾಹೋರಿನಲ್ಲಿ ನಿಂತರು. 1901ರ ಮೇ 5ರಂದು ಗಾಂಧರ್ವ ಮಹಾವಿದ್ಯಾಲಯ ಶುರುವಾಯಿತು. ರಾಜರ ಖಜಾನೆಯಿಂದ ಅಲ್ಲ, ಜನರ ವಂತಿಗೆ ಮತ್ತು ಕಚೇರಿಯ ದುಡ್ಡಿನಿಂದ. ಮೊದಲ ಕೆಲವು ದಿನ ಒಬ್ಬ ವಿದ್ಯಾರ್ಥಿಯೂ ಬರಲಿಲ್ಲವಂತೆ. ಇವರು ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ತಂಬೂರಿ ಶ್ರುತಿ ಮಾಡಿ ಒಬ್ಬರೇ ಕೂರುತ್ತಿದ್ದರಂತೆ. ಆಮೇಲೆ ಜನ ಬಂದರು. ಹಾಜರಿ ಪುಸ್ತಕ, ತರಗತಿ, ಪರೀಕ್ಷೆ, ಬಹುಮಾನ, ವಾರ್ಷಿಕೋತ್ಸವ. ಹೆಣ್ಣುಮಕ್ಕಳಿಗೆ ತರಗತಿ. ಮುಂದೆ ಶಿಕ್ಷಕರಾಗಬೇಕಾದ ಹುಡುಗರು ವರ್ಷಗಟ್ಟಲೆ ಇರುತ್ತೇವೆಂದು ಬರೆದುಕೊಟ್ಟು ಅಲ್ಲೇ ಊಟ, ಅಲ್ಲೇ ನಿದ್ದೆ.

ಶಾಲೆ ಅಂದಮೇಲೆ ಪುಸ್ತಕ ಬೇಕು. ಒಬ್ಬ ಗುರುವಿನ ಎದುರು ಒಬ್ಬ ಶಿಷ್ಯ ಕೂತರೆ ಪುಸ್ತಕ ಬೇಡ. ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳು ಕೂತಾಗ, ಇವತ್ತಿನ ಪಾಠ ನಾಳೆಗೆ ಎಲ್ಲರ ಕೈಯಲ್ಲೂ ಒಂದೇ ರೀತಿ ಉಳಿಯಬೇಕಾದಾಗ, ಬರವಣಿಗೆಯಿಲ್ಲದೆ ನಡೆಯುವುದಿಲ್ಲ. ಹಾಗಾಗಿ ಪಲುಸ್ಕರ್ ತಮ್ಮದೇ ಸ್ವರಲಿಪಿ ಮಾಡಿದರು, ಅದರಲ್ಲಿ ಪಾಠಪುಸ್ತಕಗಳನ್ನು ಒಂದರ ಹಿಂದೊಂದು ಅಚ್ಚು ಹಾಕಿಸಿದರು. ತಾವು ಹಾಡಿ, ಕಣ್ಣಿರುವ ಶಿಷ್ಯರ ಕೈಯಲ್ಲಿ ಬರೆಸಿ, ತಾವೇ ಸರಿಯಾಗಿ ನೋಡಲಾಗದ ಪುಟಗಳನ್ನು ಊರಿಗೆಲ್ಲ ಹಂಚಿದರು.

ಈ ಲಿಪಿ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಓದಿ ಹಾಡುವುದು ಅಂದರೇನು ಎಂಬುದು ಅಲ್ಲೇ ಇದೆ. ಪಿಯಾನೋ ನುಡಿಸುವವನಿಗೆ ಕಾಗದದ ಚುಕ್ಕೆ ಕಂಡರೆ ಯಾವ ಮನೆ ಒತ್ತಬೇಕೆಂದು ಬೆರಳಿಗೆ ಗೊತ್ತು. ಮನೆ ಒತ್ತಿದರೆ ಸ್ವರ ತಾನಾಗಿ ಬರುತ್ತದೆ. ಹಾಡುವವನಿಗೆ ಒತ್ತಲು ಮನೆಯಿಲ್ಲ. ಬಾಯಿ ತೆರೆಯುವ ಮೊದಲೇ ಆ ಸ್ವರ ತಲೆಯೊಳಗೆ ಕೇಳಿಸಿರಬೇಕು. ಕೇಳಿಸಬೇಕಾದರೆ ಒಂದು ನೆಲೆ ಬೇಕು. ಸರಿಗಮದಲ್ಲಿ ಆ ನೆಲೆ ಷಡ್ಜ. ನಿಮ್ಮ ಕೊರಳಿಗೆ ಎಲ್ಲಿ ಹಿತವೋ ಅಲ್ಲಿ ಸ ಇಟ್ಟುಕೊಳ್ಳಿ, ಉಳಿದ ಆರೂ ಅದರಿಂದ ಇಷ್ಟಿಷ್ಟು ದೂರ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ ಎಂದು ಪುರಂದರದಾಸರ ಹೆಸರಿನಲ್ಲಿ ನಮ್ಮ ಮಕ್ಕಳು ಕರ್ನಾಟಕ ಸಂಗೀತದಲ್ಲಿ ಕಲಿಯುವುದೂ ಇದನ್ನೇ: ಸದಿಂದ ಗಕ್ಕೆ, ಗದಿಂದ ಪಕ್ಕೆ ಜಿಗಿಯುವ ದೂರ ಕೊರಳಿಗೆ ರೂಢಿಯಾಗುವುದು. ಆ ವರಸೆಗಳ ಮಾಯಾಮಾಳವಗೌಳದ ಸ್ವರಗಳೂ ನನ್ನ ಅಂಗಳದ ಭೈರವ್‌ನ ಸ್ವರಗಳೂ ಒಂದೇ. ವರಸೆಗಳನ್ನು ಬಾಯಿಪಾಠ ಮಾಡುವ ಬದಲು, ಅದೇ ವರಸೆಯ ಸ್ವರಗಳನ್ನು ಕಲಸಿ ಬರೆದುಕೊಂಡು ದಿನಕ್ಕೆ ನಾಲ್ಕು ಸಾಲು ನಿಧಾನ ಹಾಡಿದರೆ ಓದು ತಾನಾಗಿ ಬರುತ್ತದೆ. ನಾನು ಆಮೇಲೆ ಕಲಿತದ್ದು ಹೀಗೆಯೇ.

ಇಂಗ್ಲೆಂಡಿನಲ್ಲೂ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇದೇ ಹಾದಿ ಹಿಡಿದವರಿದ್ದರು. ನಾರ್ವಿಚ್‌ನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಐದು ಗೆರೆ ಬಿಟ್ಟು ಬರೀ ಅಕ್ಷರಗಳಲ್ಲಿ ಹಾಡು ಬರೆದು ಮಕ್ಕಳಿಗೆ ಕಲಿಸುತ್ತಿದ್ದರು. ಜಾನ್ ಕರ್ವೆನ್ ಎಂಬ ಪಾದ್ರಿ ಅದನ್ನು ತಿದ್ದಿ ಟಾನಿಕ್ ಸೊಲ್ಫಾ ಎಂದು ಹರಡಿದರು. ದುಬಾರಿ ವಾದ್ಯವಿಲ್ಲದ ಕಾರ್ಖಾನೆ ಕೆಲಸಗಾರರೂ ಸೇರಿ ಹಾಡುವ ಹಾಗಾದದ್ದು ಅದರಿಂದ. ಅಲ್ಲೂ ನೆಲೆ ನಮ್ಮ ಸ ಇದ್ದ ಹಾಗೆ, ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು.

ಪಲುಸ್ಕರ್ ಲಿಪಿಯ ವಿಶೇಷ ಕಾಲದ ಲೆಕ್ಕ. ಪ್ರತಿಯೊಂದು ಸ್ವರದ ಕೆಳಗೂ ಅದು ಒಂದು ಮಾತ್ರೆಯೋ, ಅರ್ಧವೋ, ಕಾಲೋ ಎಂಬ ಗುರುತು. ನೋಡಿದ ಕೂಡಲೇ ಎಷ್ಟು ಹೊತ್ತು ಹಿಡಿಯಬೇಕು ಎಂದು ಗೊತ್ತಾಗುತ್ತದೆ. ಆದರೆ ಪುಟದ ತುಂಬ ಚಿಹ್ನೆ, ಬರೆಯುವುದು ತ್ರಾಸ. ಅದೇ ಕಾಲದಲ್ಲಿ ಮುಂಬೈನ ವಕೀಲ ವಿಷ್ಣು ನಾರಾಯಣ ಭಾತಖಂಡೆ ಇನ್ನೊಂದು ಲಿಪಿ ಮಾಡಿದರು: ಕೋಮಲಕ್ಕೆ ಕೆಳಗೆ ಗೀಟು, ತೀವ್ರ ಮಧ್ಯಮಕ್ಕೆ ಮೇಲೆ ಕಡ್ಡಿ, ಕೆಳಸ್ಥಾಯಿಗೆ ಕೆಳಗೆ ಚುಕ್ಕೆ, ಮೇಲ್‌ಸ್ಥಾಯಿಗೆ ಮೇಲೆ ಚುಕ್ಕೆ, ಒಂದೇ ಮಾತ್ರೆಯಲ್ಲಿ ಹಲವು ಸ್ವರ ಬಂದರೆ ಕೆಳಗೊಂದು ಬಾಗಿದ ಗೆರೆ. ಸರಳ. ಗೆದ್ದದ್ದೂ ಅದೇ. ಪರೀಕ್ಷೆಗೆ ಓದುವವರು ಎರಡನ್ನೂ ಕಲಿಯಬೇಕು, ಆದರೆ ದಿನನಿತ್ಯ ವಹಿಯಲ್ಲಿ ಹೆಚ್ಚಿನವರು ಬರೆಯುವುದು ಭಾತಖಂಡೆಯವರ ರೀತಿ. ನೋಡಿದ ಕೂಡಲೇ ಹಾಡಬೇಕು ಎನ್ನುವವನಿಗೆ ಸೋತ ಲಿಪಿಯೇ ಹೆಚ್ಚು ಸಹಾಯ ಮಾಡುತ್ತಿತ್ತು ಎಂದು ನನ್ನ ಅಭಿಪ್ರಾಯ.

ಪುಸ್ತಕ ಬಂದದ್ದರಿಂದ ಆದದ್ದು ಸಣ್ಣದಲ್ಲ. ಪರದೆ ಹರಿಯಿತು. ಉಸ್ತಾದರ ಮನೆತನದಲ್ಲಿ ಹುಟ್ಟದವನು, ಅರಮನೆಯ ನೆಂಟನಲ್ಲದವನು, ಗೃಹಸ್ಥ ಮನೆಯ ಹುಡುಗಿ, ಇವರೆಲ್ಲ ಸಂಗೀತ ಕಲಿಯಬಹುದು ಎಂಬುದು ಮಾತಾಗಿ ಉಳಿಯದೆ ನಡೆಯಿತು. ಬಜಪೆಯಂಥ ಊರಿನ ನಾನು ಭೈರವ್ ಹಾಡಲು ಹೊರಟದ್ದೂ ಅದರಿಂದಲೇ.

ಆದರೆ ಅದೇ ಪುಸ್ತಕವನ್ನು ಇನ್ನೊಂದು ಕಡೆಯಿಂದ ತೆರೆದು ನೋಡಿ. ಗ್ವಾಲಿಯರದ ಖಯಾಲುಗಳ ಮಾತಿನಲ್ಲಿ ಶೃಂಗಾರ ಬೇಕಾದಷ್ಟಿತ್ತು. ಗೃಹಸ್ಥರ ಮನೆಗೆ ಹೊಂದುವುದಿಲ್ಲ ಎಂದು ಅದನ್ನು ತೆಗೆದು ಭಕ್ತಿಯ ಸಾಹಿತ್ಯ ಹಾಕಿದರು. ಶಾಲೆಯ ದಿನಚರಿಯಲ್ಲಿ ಪ್ರಾರ್ಥನೆ, ಶಿಸ್ತು, ಹಿಂದೂ ಮಠದ ವಾತಾವರಣ. ಪಲುಸ್ಕರ್ ಯಾರನ್ನೂ ಬಾಗಿಲಲ್ಲಿ ತಡೆದರು ಎಂದು ನಾನು ಹೇಳುತ್ತಿಲ್ಲ. ತಡೆಯುವ ಅಗತ್ಯವೇ ಇರಲಿಲ್ಲ. ಅಲ್ಲಿ ಹೆಚ್ಚಿನ ಮುಸ್ಲಿಂ ಹುಡುಗರಿಗೆ, ಅದಕ್ಕಿಂತ ಹೆಚ್ಚಾಗಿ ತಲೆತಲಾಂತರದಿಂದ ಈ ಹಾಡುಗಳನ್ನು ಕಾಪಾಡಿಕೊಂಡು ಬಂದ ವೃತ್ತಿಯ ಹೆಣ್ಣುಮಕ್ಕಳಿಗೆ, ತಮ್ಮ ಮನೆ ಎಂದು ಅನಿಸುವಂಥದ್ದು ಏನೂ ಇರಲಿಲ್ಲ. ಯಾರಿಗೆ ಹಾಡು ಗೊತ್ತಿತ್ತೋ ಅವರು ಹೊರಗೆ, ಯಾರಿಗೆ ಅಕ್ಷರ ಗೊತ್ತಿತ್ತೋ ಅವರು ಒಳಗೆ. ಜಾನಕಿ ಬಖಲೆಯಂಥ ಇತಿಹಾಸಕಾರರು ಪಲುಸ್ಕರ್ ಮತ್ತು ಭಾತಖಂಡೆ ಇಬ್ಬರ ಬಗ್ಗೆಯೂ ಇದನ್ನು ವಿವರವಾಗಿ ಬರೆದಿದ್ದಾರೆ.

ಹೋಲಿಕೆಗೆ ಮಿರಜದಲ್ಲೇ ಇನ್ನೊಬ್ಬರಿದ್ದಾರೆ. ಪಲುಸ್ಕರ್ ಹುಟ್ಟಿದ 1872ರಲ್ಲೇ ಉತ್ತರದ ಕೈರಾನಾದಲ್ಲಿ ಹುಟ್ಟಿ, ಕೊನೆಗೆ ಮಿರಜದಲ್ಲಿ ನೆಲೆಸಿ, ಅಲ್ಲಿನ ದರ್ಗಾದಲ್ಲೇ ಮಣ್ಣಾದ ಅಬ್ದುಲ್ ಕರೀಂ ಖಾನ್. ಅವರೂ ಶಾಲೆ ತೆರೆದವರು, ಆದರೆ ಅವರ ದಾರಿ ಮೂಲತಃ ಕೊರಳಿಂದ ಕೊರಳಿಗೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಹುಬ್ಬಳ್ಳಿ ಧಾರವಾಡದ ಸಂಗೀತವೆಂದು ನಾವು ಎದೆ ಉಬ್ಬಿಸುವುದರಲ್ಲಿ ಬಹುಪಾಲು ಹೀಗೆ ಉಸ್ತಾದರ ಮನೆಯಿಂದ ಬಂದದ್ದು, ಪುಸ್ತಕದಿಂದಲ್ಲ. ಮನಸೂರರೂ ಮಿರಜದ ನಂತರ ಹೋದದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಹತ್ತಿರ.

ಪಲುಸ್ಕರ್ ರಾಷ್ಟ್ರೀಯ ಚಳವಳಿಯ ಮನುಷ್ಯ. ಕಾಂಗ್ರೆಸ್ ಅಧಿವೇಶನಗಳಲ್ಲಿ ವಂದೇ ಮಾತರಂ ಹಾಡುತ್ತಿದ್ದರು. 1923ರ ಕಾಕಿನಾಡ ಅಧಿವೇಶನದಲ್ಲಿ ಅಧ್ಯಕ್ಷರಾಗಿದ್ದ ಮೌಲಾನಾ ಮಹಮ್ಮದ್ ಅಲಿ ವೇದಿಕೆಯಲ್ಲಿ ಸಂಗೀತ ತಮ್ಮ ಧರ್ಮಕ್ಕೆ ಆಗದೆಂದು ಆಕ್ಷೇಪಿಸಿದರು. ಇದು ಎಲ್ಲರ ವೇದಿಕೆ, ಯಾವುದೇ ಒಂದು ಧರ್ಮದ ಜಾಗವಲ್ಲ ಎಂಬುದು ಪಲುಸ್ಕರ್ ನಿಲುವು. ನಿಲ್ಲಿಸದೆ ಹಾಡಿದರು. ಈ ಒಂದು ಘಟನೆ ಈಗ ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲ ಸುತ್ತುತ್ತದೆ, ಯಾವ ಉದ್ದೇಶಕ್ಕೆಂದು ನಿಮಗೆ ಗೊತ್ತು. ಸುತ್ತಿಸುವವರು ಹೇಳದೆ ಬಿಡುವುದು ಏನೆಂದರೆ, ಅಂದು ಹಾಡಿದ ಕೊರಳಿನ ತಾಲೀಮು ಹದ್ದು ಖಾನರ ಮನೆಯದ್ದು.

ಮರುವರ್ಷ ಗಾಂಧಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಹನ್ನೊಂದರ ಹುಡುಗಿ ಗಂಗೂಬಾಯಿ ಸ್ವಾಗತಗೀತೆ ಹಾಡಿದಳು. ಹಾಡಿದ ಮೇಲೆ ಊಟದ ಎಲೆ ಎತ್ತಲು ಹೇಳುತ್ತಾರೋ ಎಂಬ ಹೆದರಿಕೆ ಆಗ ತನಗಿತ್ತೆಂದು ಆಕೆ ಮುಂದೆ ನೆನಪಿಸಿಕೊಂಡಿದ್ದಾರೆ. ಹಾಡುವವನಿಗೆ ಮರ್ಯಾದೆ ಬೇಕು ಎಂದು 1896ರಲ್ಲಿ ಮಿರಜ ಬಿಟ್ಟವರ ಹೋರಾಟ ಎಲ್ಲಿಯವರೆಗೆ ತಲುಪಿತ್ತು, ಎಲ್ಲಿ ತಲುಪಿರಲಿಲ್ಲ ಎಂದು ತಿಳಿಯಲು ಈ ಒಂದು ಹೆದರಿಕೆ ಸಾಕು.

ಗಾಂಧಿಯವರ ಆಶ್ರಮಕ್ಕೆ ಹಾಡುವವರೊಬ್ಬರು ಬೇಕೆಂದಾಗ ಪಲುಸ್ಕರ್ ಕೊಟ್ಟದ್ದು ತಮ್ಮ ಶಿಷ್ಯ ನಾರಾಯಣ ಮೋರೇಶ್ವರ ಖರೆ ಅವರನ್ನು. 1930ರ ದಂಡಿ ಯಾತ್ರೆಯಲ್ಲಿ ಖರೆ ಇದ್ದರು. ರಘುಪತಿ ರಾಘವ ಧುನ್ ನಮಗೆಲ್ಲ ಗೊತ್ತಿರುವ ಧಾಟಿಗೆ ಬಂದದ್ದು ಪಲುಸ್ಕರರಿಂದ ಎನ್ನುತ್ತಾರೆ. ಅದನ್ನು ಕಲಿಯಲು ಯಾರಿಗೂ ಸ್ವರಲಿಪಿ ಬೇಕಾಗಲಿಲ್ಲ.

1908ರಲ್ಲಿ ಮುಂಬೈಯಲ್ಲಿ ಶಾಲೆ ತೆರೆದಿದ್ದರು, ಸಾಲ ಮಾಡಿ ದೊಡ್ಡ ಕಟ್ಟಡ ಕಟ್ಟಿದ್ದರು. ಸಾಲ ತೀರಿಸಲು ಊರೂರು ಹಾಡಿದರೂ ಸಾಲಲಿಲ್ಲ. 1924ರ ಹೊತ್ತಿಗೆ ಕಟ್ಟಡ ಹರಾಜಾಯಿತು. ನಾಸಿಕಕ್ಕೆ ಹೋದರು, ರಾಮನಾಮದಲ್ಲಿ ಮುಳುಗಿದರು, ಖಯಾಲ್ ಹಿಂದೆ ಸರಿಯಿತು. 1931ರ ಆಗಸ್ಟ್ 21ರಂದು, ಕಲಿತ ಊರಾದ ಮಿರಜದಲ್ಲೇ ತೀರಿಕೊಂಡರು. ಅದೇ ವರ್ಷ ಶಿಷ್ಯರೆಲ್ಲ ಸೇರಿ ಗಾಂಧರ್ವ ಮಹಾವಿದ್ಯಾಲಯ ಮಂಡಲ ಮಾಡಿದರು. ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗೆ ಇವತ್ತು ಕರ್ನಾಟಕದ ಮಕ್ಕಳೂ ಬರೆಯುವ ಪರೀಕ್ಷೆಗಳು ಅದರದ್ದು.

ಶಿಷ್ಯರಲ್ಲೊಬ್ಬರಾದ ಬಿ.ಆರ್. ದೇವಧರ್ ಮುಂಬೈಯಲ್ಲಿ ಶಾಲೆ ನಡೆಸಿದರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಗ್ರಾಮಫೋನ್ ತಟ್ಟೆ ಕೇಳಿ ಕೇಳಿಯೇ ದೊಡ್ಡ ದೊಡ್ಡ ಉಸ್ತಾದರನ್ನು ಯಥಾವತ್ತಾಗಿ ಹಾಡಿ ಬೆರಗು ಹುಟ್ಟಿಸುತ್ತಿದ್ದ. ಪರದೆಯ ಬದಲು ತಟ್ಟೆ, ಅಷ್ಟೇ ವ್ಯತ್ಯಾಸ. ಅವನನ್ನು ತಂದು ಸೇರಿಸಿದ್ದು ದೇವಧರರ ಶಾಲೆಗೆ. ಕಿವಿಯ ಹುಡುಗ, ಪುಸ್ತಕದ ಶಾಲೆ. ಅಲ್ಲಿಂದ ಹೊರಬಂದದ್ದು ಕುಮಾರ ಗಂಧರ್ವ, ಯಾವ ಪುಸ್ತಕಕ್ಕೂ ಯಾವ ಘರಾಣೆಗೂ ಪೂರ್ತಿ ಸೇರದ ಮನುಷ್ಯ.

ಪಲುಸ್ಕರ್ ಮಕ್ಕಳಲ್ಲಿ ಉಳಿದದ್ದು ಒಬ್ಬರೇ, ದತ್ತಾತ್ರೇಯ. ತಂದೆ ಹೋದಾಗ ಹತ್ತು ವರ್ಷ. ತಂದೆಯ ಹಾಡನ್ನು ಕಲಿತದ್ದು ತಂದೆಯ ಶಿಷ್ಯರಾದ ವಿನಾಯಕರಾವ್ ಪಟವರ್ಧನ್, ನಾರಾಯಣರಾವ್ ವ್ಯಾಸ್ ಅವರಿಂದ, ಎದುರು ಕೂತು. ಪುಸ್ತಕಗಳು ಮನೆಯಲ್ಲೇ ಇದ್ದವು. 1955ರಲ್ಲಿ, ಮೂವತ್ತನಾಲ್ಕಕ್ಕೇ ತೀರಿಕೊಂಡರು. ಡಿ.ವಿ. ಪಲುಸ್ಕರ್ ಎಂದು ಹುಡುಕಿದರೆ ಅವರ ಧ್ವನಿಮುದ್ರಿಕೆಗಳು ಸಿಗುತ್ತವೆ, ಬೈಜೂ ಬಾವ್ರಾ ಚಿತ್ರದಲ್ಲಿ ಅಮೀರ್ ಖಾನರ ಜೊತೆ ಹಾಡಿದ್ದೂ ಸೇರಿ.

ನಮ್ಮ ಪಕ್ಕದ ಮನೆಯ ಹುಡುಗ ಈಗ ಬಿಡುವಿದ್ದಾಗಲೆಲ್ಲ ಬಂದು ತಂಬೂರಿ ಆ್ಯಪ್ ಹಾಕಿ ನನ್ನ ಎದುರು ಕೂರುತ್ತಾನೆ. ಅವನ ಋಷಭ ಸ್ವಲ್ಪ ಸ್ವಲ್ಪ ತೂಗಲು ಶುರುವಾಗಿದೆ. ಕ್ರಿಸ್ಮಸ್ ಹತ್ತಿರ ಬಂದಾಗ ನಾನು ಅವನ ಕಾಯರ್‌ನ ಕೊನೆಯ ಸಾಲಿನಲ್ಲಿ ಐದು ಗೆರೆಯ ಕಾಗದ ಹಿಡಿದು ನಿಲ್ಲುತ್ತೇನೆ. ನನ್ನ ಸಾಲು ಬರುವ ಮೊದಲು ಎಷ್ಟು ಮಾತ್ರೆ ಸುಮ್ಮನಿರಬೇಕು ಎಂದು ಎಣಿಸುವುದರಲ್ಲಿ ಇನ್ನೂ ತಪ್ಪುತ್ತೇನೆ.